ಎರಡನೇ ಪ್ರಶ್ನೆಗೆ ಅವಕಾಶವಿಲ್ಲ

ಸಿದ್ಧಲಿಂಗೇಶನ ಹೊಟ್ಟೆಕಿಚ್ಚು ಶುರುವಾದದ್ದು ಒಂದು ಪೇಢೆಯಿಂದ.

ಲಾಸ್ ಏಂಜಲೀಸ್ ಹತ್ತಿರದ ಆರ್ಟೀಸಿಯಾದ ಪಯೊನೀರ್ ಬುಲೆವಾರ್ಡಿನಲ್ಲಿ ಮಿಠಾಯಿ ಅಂಗಡಿ ಇಟ್ಟುಕೊಂಡಿದ್ದ ಶಂಭು ಉಡುಪಿ ಕಡೆಯವನು. ಆ ಶಂಭು ಧಾರವಾಡ ಪೇಢೆ ಮಾಡಿ, ಡಬ್ಬಿಗೆ ತುಂಬಿ, ಸಿದ್ಧಲಿಂಗೇಶನ ಹೆಂಡತಿ ರಜನಿಯ ಕೈಯಲ್ಲಿ ಕೊಟ್ಟು ಕಳಿಸಿದ್ದ. ಸ್ಯಾನ್ ಡಿಯೇಗೊದ ಮೀರಾ ಮೆಸಾದ ತನ್ನ ಮನೆಯ ಅಡುಗೆಕಟ್ಟೆಗೆ ಒರಗಿ ನಿಂತು ಸಿದ್ಧಲಿಂಗೇಶ ಒಂದು ಪೇಢೆ ಬಾಯಿಗೆ ಹಾಕಿಕೊಂಡ. ಹುಟ್ಟಿ ಬೆಳೆದದ್ದು ಧಾರವಾಡದಲ್ಲಿ. ಪೇಢೆಯ ವಿಷಯದಲ್ಲಿ ಅವನಿಗೆ ಯಾರೂ ಟೋಪಿ ಹಾಕುವಂತಿರಲಿಲ್ಲ. ತಪ್ಪು ಹುಡುಕಲೆಂದೇ ನಿಧಾನವಾಗಿ ಚಪ್ಪರಿಸಿದ. ತಪ್ಪು ಸಿಗಲಿಲ್ಲ. ಪೇಢೆ ಚೆನ್ನಾಗಿಯೇ ಇತ್ತು, ಅವನಿಗೆ ತಡೆಯಲಾಗದಷ್ಟು ಚೆನ್ನಾಗಿತ್ತು.

"ಹೆಂಗದ?" ಎಂದಳು ರಜನಿ.

"ಸಕ್ಕರಿ ಜಾಸ್ತಿ," ಎಂದ. ಹಾಗೆ ಹೇಳಿ ಇನ್ನೊಂದನ್ನು ಎತ್ತಿಕೊಂಡ.

ಇದು 2023ರ ಆಗಸ್ಟಿನ ಮಾತು. ಆ ವರ್ಷದ ರಾಜ್ಯೋತ್ಸವವನ್ನು ಸ್ಯಾನ್ ಡಿಯೇಗೊ ಮತ್ತು ಲಾಸ್ ಏಂಜಲೀಸ್ ಕಡೆಯ ಕನ್ನಡ ಕುಟುಂಬಗಳು ಒಟ್ಟಿಗೆ ಆಚರಿಸಬೇಕೆಂದು ತೀರ್ಮಾನವಾಗಿತ್ತು. ನಾಟಕ ಬರೆದು ಆಡಿಸುವ ಹೊಣೆ ರಜನಿಯದು. ಪಾತ್ರಧಾರಿಗಳಲ್ಲಿ ಹೆಚ್ಚಿನವರು ಲಾಸ್ ಏಂಜಲೀಸ್ ಕಡೆಯವರೇ ಆಗಿದ್ದರಿಂದ ರಿಹರ್ಸಲ್ ಶಂಭುವಿನ ಅಂಗಡಿಯ ಹಿಂದಿನ ಹಾಲ್‌ನಲ್ಲಿ. ಹಾಗಾಗಿ ಪ್ರತಿ ಶನಿವಾರ ಬೆಳಿಗ್ಗೆ ರಜನಿ ಕಾರು ತೆಗೆದು ಉತ್ತರಕ್ಕೆ ಹೊರಡುತ್ತಿದ್ದಳು. ಸಂಜೆ ಮರಳುವಾಗ ಕೈಯಲ್ಲೊಂದು ಡಬ್ಬಿ, ಮುಖದಲ್ಲೊಂದು ನಗು. ಡಬ್ಬಿಯನ್ನು ಮನೆಯವರಿಗೆ ಕೊಡುತ್ತಿದ್ದಳು, ನಗುವನ್ನು ಮಾತ್ರ ಇಟ್ಟುಕೊಳ್ಳುತ್ತಿದ್ದಳು.

ನಾಟಕದ ವಸ್ತು ಎಂಥದೆಂದರೆ, ಕೇಳಿದವರು ಮೊದಲು ಆಕಳಿಸುವಂಥದು: ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಪ್ರಾಂತದ ಶಾಸನಸಭೆ, ಅದರ ಒಂದು ಅವಧಿ. ಬೆಳಗಾವಿ, ಧಾರವಾಡ, ವಿಜಾಪುರ, ಕಾರವಾರ ಎಲ್ಲ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಆ ಸೀಮೆಯ ಪರವಾಗಿ ಒಬ್ಬ ಸದಸ್ಯ ಸಭೆಗೆ ಹೋಗುತ್ತಿದ್ದ. ಮುಂಬಯಿಯಲ್ಲೋ ಪುಣೆಯಲ್ಲೋ ಗವರ್ನರ್ ಸಾಹೇಬರ ಮುಂದೆ ಕೂರುತ್ತಿದ್ದ. 1892ರ ಕಾಯ್ದೆ ಬಂದ ಮೇಲೆ ಅವನಿಗೆ ಒಂದು ಹೊಸ ಅಧಿಕಾರ ಸಿಕ್ಕಿತ್ತು: ಸರ್ಕಾರಕ್ಕೆ ಪ್ರಶ್ನೆ ಕೇಳಬಹುದು. ಪ್ರಶ್ನೆಯನ್ನು ಮೊದಲೇ ಬರೆದುಕೊಡಬೇಕು. ಸರ್ಕಾರದ ಕಾರ್ಯದರ್ಶಿ ಎದ್ದು ಉತ್ತರ ಓದುತ್ತಾನೆ. ಉತ್ತರ ಎಷ್ಟೇ ಪೊಳ್ಳಾಗಿರಲಿ, ಅದರ ಮೇಲೆ ಸದಸ್ಯ ಮತ್ತೆ ಬಾಯಿ ತೆರೆಯುವಂತಿಲ್ಲ. ಎರಡನೇ ಪ್ರಶ್ನೆಗೆ ಅವಕಾಶವೇ ಇಲ್ಲ. ಕೇಳಿದ, ಕೇಳಿಸಿಕೊಂಡ, ಕುಳಿತ. ನಾಟಕದ ಸದಸ್ಯ ರಜನಿಯ ಕಲ್ಪನೆಯವನು. ಆದರೆ ನಿಯಮ ನಿಜವಾದದ್ದು.

ಇದೆಲ್ಲ ಅವಳಿಗೆ ಹೊಳೆದದ್ದು ಹೇಗೆಂದರೆ, ಅವಳು ಮದುವೆಗೆ ಮೊದಲು ಧಾರವಾಡದಲ್ಲಿ ಇತಿಹಾಸ ಓದಿದವಳು. ಇಲ್ಲಿಗೆ ಬಂದದ್ದು ಎಚ್-ಫೋರ್ ವೀಸಾದ ಮೇಲೆ: ಗಂಡನ ಜೊತೆ ಇರಬಹುದು, ಕೆಲಸ ಮಾಡುವಂತಿಲ್ಲ. ಅಡುಗೆಮನೆ, ಮಗಳು ಮೇಘಾಳ ಸ್ಕೂಲ್ ಪಿಕಪ್ಪು, ಈಜು ಕ್ಲಾಸು ಇವುಗಳಲ್ಲೇ ಇತಿಹಾಸ ಮುಚ್ಚಿಹೋಗಿತ್ತು. ಮೇಘಾ ಕಾಲೇಜಿನ ಎರಡನೇ ವರ್ಷದಲ್ಲಿದ್ದಾಗ 2020ರ ಲಾಕ್‌ಡೌನ್ ಬಂತು. ಸಿದ್ಧಲಿಂಗೇಶ ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಪೊವೇಯಲ್ಲಿದ್ದ ತನ್ನ ಕಂಪನಿಯ ಕೆಲಸ ಮಾಡುತ್ತಿದ್ದಾಗ, ರಜನಿ ಊಟದ ಮೇಜಿನ ಮೇಲೆ ಪುಸ್ತಕ ಹರಡಿಕೊಂಡು ಇಲ್ಲಿಯದೇ ಒಂದು ಎಂ.ಎ.ಗೆ ಕೂತಳು. ಮುಂಬಯಿ ಸಭೆಯ ಆ ಅವಧಿಯ ನಡಾವಳಿಯನ್ನೇ ಹಿಡಿದು ಪ್ರಬಂಧ ಬರೆದಳು. ಪದವಿ ಬಂದಾಗ ಸಿದ್ಧಲಿಂಗೇಶ ಕೇಕು ತಂದ. ಪ್ರಬಂಧ ಏನು ಎತ್ತ ಎಂದು ಕೇಳಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ಕೇಳದೆ ಇರುವುದು ಅವನ ಕೆಟ್ಟತನವಲ್ಲ, ಪದ್ಧತಿ. ಹೆಂಡತಿ ಏನಾದರೂ ಕೇಳಿದರೆ ಅವನ ಬಾಯಿಂದ ಬರುವ ಉತ್ತರ ಒಂದೇ: "ನೋಡೂಣು." ಹಿತ್ತಲಿಗೆ ನಿಂಬೆಗಿಡ ಹಚ್ಚೋಣವೇ? ನೋಡೂಣು. ಕ್ರಿಸ್‌ಮಸ್ ರಜೆಗೆ ಎಲ್ಲಿಗಾದರೂ ಹೋಗೋಣವೇ? ನೋಡೂಣು. ಆ ವರ್ಷದ ಜೂನ್ ತಿಂಗಳಲ್ಲಿ, ಲಾಸ್ ಏಂಜಲೀಸ್ ಕಡೆಯ ಒಂದು ಕಾಲೇಜಿನವರು ತನ್ನನ್ನು ಪಾಠ ಹೇಳಲು ಕರೆದಿದ್ದಾರೆ, ಒಪ್ಪಿಕೊಳ್ಳಲೇ ಎಂದು ಅವಳು ಕೇಳಿದಾಗ ಅವನು ಗ್ಯಾರೇಜಿನಲ್ಲಿ ಸ್ಪ್ರಿಂಕ್ಲರ್ ಬಿಚ್ಚಿಕೊಂಡು ಕೂತಿದ್ದ. "ನೋಡೂಣು," ಎಂದ, ಸ್ಕ್ರೂಡ್ರೈವರ್ ಕೊಡಲು ಕೈ ಮಾಡಿದ. ಅವಳು ಕೊಟ್ಟಳು. ಅಲ್ಲಿಗೆ ಆ ವಿಷಯ ಅವನ ತಲೆಯಿಂದ ಇಳಿಯಿತು.

ನಾಟಕದಲ್ಲಿ ಆ ಸೀಮೆಯ ಸದಸ್ಯನ ಪಾತ್ರವೇ ಮುಖ್ಯ. ಅದು ತನಗಲ್ಲದೆ ಇನ್ನಾರಿಗೆ ಎಂದುಕೊಂಡಿದ್ದ ಸಿದ್ಧಲಿಂಗೇಶ. ಧಾರವಾಡದವನು, ಎತ್ತರದ ಆಳು, ಕಾಲೇಜಿನಲ್ಲಿ ಬಣ್ಣ ಹಚ್ಚಿದವನು, ಎಲ್ಲಕ್ಕಿಂತ ಮೇಲಾಗಿ ಬರೆದವಳ ಗಂಡ. ಜೂಮ್‌ನಲ್ಲಿ ಪಾತ್ರ ಹಂಚಿದ ದಿನ ರಜನಿ ಸದಸ್ಯನ ಪಾತ್ರವನ್ನು ಶಂಭುಗೆ ಕೊಟ್ಟಳು. ಗಂಡನಿಗೆ ಕೊಟ್ಟದ್ದು ಸರ್ಕಾರದ ಕಾರ್ಯದರ್ಶಿಯ ಪಾತ್ರ. ಎದ್ದು ಉತ್ತರ ಓದಿ ಕೂರುವ ಕೆಲಸ.

"ಅಲ್ಲ, ಧಾರವಾಡದ ಸದಸ್ಯ ಉಡುಪಿ ಧಾಟೀಲೆ ಮಾತಾಡ್ತಾನೇನು?" ಎಂದ ಸಿದ್ಧಲಿಂಗೇಶ, ಎಲ್ಲರೂ ಕೇಳುವಂತೆಯೇ.

"ಆ ಸಭಾದಾಗ ಎಲ್ಲಾರೂ ಇಂಗ್ಲೀಷಿನಾಗ ಮಾತಾಡ್ತಿದ್ರು," ಎಂದಳು ರಜನಿ. "ನಾವು ಕನ್ನಡ ಮಾತಾಡೋದ ಸುಳ್ಳು. ಸುಳ್ಳಿನಾಗ ಉಡುಪಿ ಏನು, ಧಾರವಾಡ ಏನು?"

ಪರದೆಯ ಮೇಲಿನ ಚೌಕದಲ್ಲಿ ಶಂಭು ನಕ್ಕ. "ಅವರು ಹೇಳುವುದು ಸರಿ ಮಾರಾಯ್ರೆ. ನಮ್ಮ ಉಡುಪಿ ಆಗ ಮದ್ರಾಸಿಗೆ ಸೇರಿದ್ದು. ನಾನು ನಿಮ್ಮ ಸಭೆಯಲ್ಲಿ ಬಂದು ಕೂತದ್ದೇ ಅತಿಕ್ರಮಣ."

ಎಲ್ಲರೂ ನಕ್ಕರು. ರಜನಿ ಎಲ್ಲರಿಗಿಂತ ಜಾಸ್ತಿ ನಕ್ಕಳು. ಸಿದ್ಧಲಿಂಗೇಶ ತನ್ನ ಕ್ಯಾಮೆರಾ ಆಫ್ ಮಾಡಿಕೊಂಡ.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಅಲ್ಲಿಂದ ಮುಂದೆ ಅವನಿಗೆ ಎಲ್ಲೆಲ್ಲೂ ಶಂಭುವೇ. ಒಂದು ಬೆಳಿಗ್ಗೆ ರಜನಿ ಉಪ್ಪಿಟ್ಟು ಬಡಿಸುತ್ತ, "ಚಟ್ನಿ ಉಂಟು, ಹಾಕ್ಲಾ?" ಎಂದುಬಿಟ್ಟಳು. ಅವನ ಕೈಯಲ್ಲಿದ್ದ ಚಮಚ ನಿಂತಿತು. ಇಪ್ಪತ್ತನಾಲ್ಕು ವರ್ಷ ತನ್ನ ಜೊತೆ ಸಂಸಾರ ಮಾಡಿದವಳ ಬಾಯಲ್ಲಿ 'ಉಂಟು'! ಚಟ್ನಿ 'ಐತಿ' ಎಂದಿದ್ದರೆ, 'ಅದ' ಎಂದಿದ್ದರೆ ಅವನು ಸುಮ್ಮನೆ ತಿನ್ನುತ್ತಿದ್ದ. ಆ ದಿನವೆಲ್ಲ ಆಫೀಸಿನ ಮೀಟಿಂಗುಗಳಲ್ಲಿ ಅವನಿಗೆ ಈ ಉಂಟೇ ಕೇಳುತ್ತಿತ್ತು.

ಸೆಪ್ಟೆಂಬರಿನಲ್ಲಿ ಶಂಭುಗೆ ಕೆಮ್ಮು ಬಂತು. ಕೋವಿಡ್ ಟೆಸ್ಟ್ ಮಾಡಿಸಿಕೊಳ್ಳುತ್ತಾನಂತೆ ಎಂಬ ಸುದ್ದಿ ವಾಟ್ಸಾಪ್ ಗುಂಪಿನಲ್ಲಿ ಬಿತ್ತು. ಸಿದ್ಧಲಿಂಗೇಶನಿಗೆ ಮನಸ್ಸು ಹಗುರಾಯಿತು. ಹಗುರಾದದ್ದು ಗೊತ್ತಾಗಿ ತನ್ನ ಮೇಲೆ ತನಗೇ ಹೇಸಿಗೆಯೂ ಆಯಿತು. ಹೇಸಿಗೆ ಒಂದು ಕಡೆಗಿರಲಿ ಎಂದು ಸ್ನಾನದ ಮನೆಯಲ್ಲಿ ನಿಂತು ಸದಸ್ಯನ ಮಾತುಗಳನ್ನು ಬಾಯಿಪಾಠ ಮಾಡಿದ. ಕನ್ನಡಿಯ ಎದುರು ಎದೆ ಸೆಟೆಸಿ, "ಘನ ಸರ್ಕಾರವು ದಯಮಾಡಿ ತಿಳಿಸುವುದೇ?" ಎಂದು ಗುಡುಗಿದ. ಧಾರವಾಡದ ಗತ್ತು ಎಂದರೆ ಇದು. ಮರುದಿನ ಶಂಭುವಿನ ಟೆಸ್ಟ್ ನೆಗೆಟಿವ್ ಬಂತು, ಗುಂಪಿನ ತುಂಬ ಕೈಮುಗಿದ ಚಿತ್ರಗಳು. ಸಿದ್ಧಲಿಂಗೇಶನೂ ಒಂದು ಹಾಕಿದ.

ತನ್ನ ಪಾತ್ರದ ಮಾತುಗಳಂತೂ ಅವನಿಗೆ ಒಂದೇ ಓದಿಗೆ ಬಂದಿದ್ದವು. "ವಿಷಯವು ಪರಿಶೀಲನೆಯಲ್ಲಿದೆ." "ಈ ಬಗ್ಗೆ ಸರ್ಕಾರಕ್ಕೆ ಮಾಹಿತಿ ಇಲ್ಲ." "ಸಕಾಲದಲ್ಲಿ ಯೋಗ್ಯ ಕ್ರಮ ಜರುಗಿಸಲಾಗುವುದು." ತನ್ನ ನೆನಪಿನ ಶಕ್ತಿಯ ಬಗ್ಗೆ ಹೆಮ್ಮೆಪಟ್ಟುಕೊಂಡು ಮಗಳಿಗೆ ಫೋನಿನಲ್ಲಿ ಒಪ್ಪಿಸಿದ. ಮೇಘಾ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೆಲಸಕ್ಕಿದ್ದಾಳೆ. ಕನ್ನಡ ಕೇಳಿದರೆ ತಿಳಿಯುತ್ತದೆ, ಬಾಯಿ ಮಾತ್ರ ಇಂಗ್ಲಿಷು.

"ಅಪ್ಪಾ, ದಟ್ಸ್ ಲಿಟರಲಿ ಯು!" ಎಂದು ನಕ್ಕಳು ಹುಡುಗಿ.

"ಅಂದ್ರ?"

"ನಥಿಂಗ್. ಆಸ್ಕ್ ಅಮ್ಮ."

ಕೇಳೋಣ ಎಂದುಕೊಂಡ. ಕೇಳಲಿಲ್ಲ.

ಅಕ್ಟೋಬರಿನ ಮೊದಲ ಶನಿವಾರ ಅದುವರೆಗೆ ಜೂಮ್‌ನಲ್ಲೇ ಸೇರುತ್ತಿದ್ದವನು ತಾನೇ ಡ್ರೈವ್ ಮಾಡಿಕೊಂಡು ರಿಹರ್ಸಲಿಗೆ ಹೋದ. ಬೆಳಿಗ್ಗೆ ರಜನಿ ಕರೆದಾಗ ಆಫೀಸಿನ ಕೆಲಸವಿದೆ ಎಂದಿದ್ದ. ಅವಳು ಹೋದ ಸ್ವಲ್ಪ ಹೊತ್ತಿಗೆ ತಾನೂ ಹೊರಟ. ಕೆಲಸ ಬೇಗ ಮುಗಿಯಿತು ಎಂದು ಹೇಳುವುದು, ಹೆಂಡತಿಗೆ ಖುಷಿ ಕೊಡುವುದು. ಇದು ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣ. ನೀವೂ ನಾನೂ ನಂಬಬೇಕಿಲ್ಲ.

ಅಂಗಡಿಯ ಮುಂದಿನ ಭಾಗದಲ್ಲಿ ಶಂಭುವಿನ ಹೆಂಡತಿ ಸುಪ್ರೀತಾ ಗಿರಾಕಿಗಳಿಗೆ ಜಿಲೇಬಿ ತೂಗುತ್ತಿದ್ದಳು. "ಓ, ಬನ್ನಿ ಬನ್ನಿ! ಒಳಗೆ ಇದ್ದಾರೆ ಎಲ್ಲ. ಚಾ ಕುಡೀತೀರಾ?" ಎಂದಳು. ಬೇಡವೆಂದು ತಲೆಯಾಡಿಸಿ ಒಳಗೆ ನಡೆದ. ಎಲ್ಲ ಎಂದರೆ ಎಲ್ಲರೂ ಇರಲಿಲ್ಲ. ಉಳಿದವರು ಊಟಕ್ಕೆ ಹೋಗಿದ್ದರು. ಹಾಲ್‌ನ ತುದಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ರಜನಿ ಮತ್ತು ಶಂಭು ಎದುರುಬದುರು ಕೂತಿದ್ದರು. ಶಂಭು ಏಪ್ರನ್ ಕಟ್ಟಿಕೊಂಡೇ ಇದ್ದ, ತೋಳಿಗೆ ಕಡಲೆಹಿಟ್ಟು ಮೆತ್ತಿತ್ತು. ರಜನಿ ಮಾತಾಡುತ್ತಿದ್ದಳು. ಕೈಯೆತ್ತಿ, ಬೆರಳು ಬಿಡಿಸಿ, ಅರ್ಧಕ್ಕೆ ನಿಲ್ಲಿಸಿ, ಮತ್ತೆ ಹಿಡಿದು, ಮುಂದಕ್ಕೆ ಬಾಗಿ. ಧಾರವಾಡದಲ್ಲಿ, ಮದುವೆ ಗೊತ್ತಾದ ಮೇಲೆ, ಕೆರೆಯ ದಂಡೆಯಲ್ಲಿ ಅವನ ಜೊತೆ ಅವಳು ಹಾಗೆ ಮಾತಾಡಿದ್ದಳು. ಆಮೇಲೆ ಹಾಗೆ ಮಾತಾಡಿದ್ದನ್ನು ಅವನು ನೋಡಿದ ನೆನಪಿಲ್ಲ.

"ಮತ್ತೆ ಎಂತಾಯ್ತು?" ಎಂದ ಶಂಭು.

ರಜನಿ ಮತ್ತೆ ಶುರುಮಾಡಿದಳು.

ಸಿದ್ಧಲಿಂಗೇಶ ಬಾಗಿಲಿನಿಂದಲೇ ಹಿಂದೆ ಸರಿದ. ಅವರಿಬ್ಬರ ನಡುವೆ ತಪ್ಪೆನ್ನುವಂಥದು ಏನೂ ಇರಲಿಲ್ಲ. ಬಾಗಿಲು ತೆರೆದಿತ್ತು, ಶಂಭುವಿನ ಹೆಂಡತಿ ಹೊರಗೆ ಜಿಲೇಬಿ ತೂಗುತ್ತಿದ್ದಳು, ಇಬ್ಬರ ಕುರ್ಚಿಗಳ ನಡುವೆ ಒಂದು ಕುರ್ಚಿಯ ಜಾಗವಿತ್ತು. ತಪ್ಪು ಸಿಕ್ಕಿದ್ದರೆ ಒಳ್ಳೆಯದಿತ್ತು. ಜಗಳವಾಡಬಹುದಿತ್ತು, ಕೂಗಬಹುದಿತ್ತು. ರಜನಿಯ ಮುಖದ ಮೇಲಿನ ಬೆಳಕಿಗೆ ಯಾರ ಮೇಲೆ ಕೂಗುವುದು? ತನಗೆ ಫೋನ್ ಬಂತೆಂದು ಸುಪ್ರೀತಾಗೆ ಸನ್ನೆ ಮಾಡಿ ಹೊರಬಿದ್ದವನು ನೇರ ಮೀರಾ ಮೆಸಾ ಸೇರಿದ.

ಅಂದಿನಿಂದ ಅವನು ಮತ್ತೆ ಅಂಗಡಿಯ ಕಡೆ ಹೋಗಲಿಲ್ಲ. ಜೂಮ್‌ನಲ್ಲಿ ಸೇರಿಕೊಂಡು ತನ್ನ ಮಾತು ಹೇಳಿ ಹೊರಟುಬಿಡುತ್ತಿದ್ದ. ನಾಟಕಕ್ಕೆ ವಾರವಿದ್ದಾಗ ರಜನಿ ಅಡುಗೆಕಟ್ಟೆಯ ಮೇಲೆ ಕೆಲವು ಹಾಳೆಗಳನ್ನು ಇಟ್ಟಳು.

"ಕಡೀ ಸೀನು ಬದಲ ಮಾಡೇನಿ. ನಿಮ್ಮ ಪಾರ್ಟನೂ ಬದಲಾಗ್ಯದ. ಒಮ್ಮಿ ಓದಿ ನೋಡ್ರಿ."

"ನೋಡೂಣು," ಎಂದ ಅವನು.

"ಇವತ್ತ ನೋಡ್ರಿ. ನಾಳೆ ಕಡೀ ರಿಹರ್ಸಲ್ ಅದ, ನೀವೂ ಬರ್ರಿ."

"ನೋಡೂಣಂತ ಹೇಳಿದ್ನೆಲ್ಲ."

ಅವಳು ಇನ್ನೊಂದು ಸಲ ಹೇಳಲು ಬಾಯಿ ತೆರೆದಂತಿತ್ತು. ಆಮೇಲೆ ಕುಕ್ಕರ್ ಕೂಗಿತು, ಅವಳು ಅತ್ತ ಹೋದಳು. ಹಾಳೆಗಳು ಮೂರು ದಿನ ಅಲ್ಲೇ ಇದ್ದು, ಅರಿಶಿನದ ಕಲೆ ಹತ್ತಿಸಿಕೊಂಡು, ಕೊನೆಗೆ ಡ್ರಾಯರ್ ಸೇರಿದವು. ಕಡೆಯ ರಿಹರ್ಸಲಿಗೆ ಅವನು ಹೋಗಲೂ ಇಲ್ಲ, ಜೂಮ್‌ನಲ್ಲಿ ಸೇರಲೂ ಇಲ್ಲ. ಮೊದಲಿನ ಪಾಠ ಅವನಿಗೆ ಪೂರ್ತಿ ಬರುತ್ತಿತ್ತು. ಬದಲಾವಣೆಯೆಂದರೆ ಶಂಭುಗೆ ಇನ್ನಷ್ಟು ಮಾತು ಸೇರಿಸಿರುತ್ತಾಳೆ, ಅದನ್ನು ಓದಿ ಉರಿದುಕೊಳ್ಳುವ ಕರ್ಮ ತನಗೇಕೆ?

ನವೆಂಬರ್ ಎರಡನೇ ಶನಿವಾರ, ಆರ್ಟೀಸಿಯಾದ ಹತ್ತಿರದ ಒಂದು ಬಾಡಿಗೆ ಸಭಾಂಗಣ. ಮಧ್ಯಾಹ್ನದ ಹೋಳಿಗೆ ಊಟ ಮುಗಿಸಿ ಜನ ತೂಕಡಿಸುವ ಹೊತ್ತಿಗೆ ನಾಟಕ. ನಡುವೆ ಎತ್ತರದ ಕುರ್ಚಿಯಲ್ಲಿ ಗವರ್ನರ್ ಸಾಹೇಬನ ವೇಷದ ರಾಜೀವ್, ನಾಟಕವಿಡೀ ಮೀಸೆ ತಿರುವುವುದಷ್ಟೇ ಅವನ ಕೆಲಸ. ಎಡಕ್ಕೆ ಕರಿ ಕೋಟಿನ ಕಾರ್ಯದರ್ಶಿ ಸಿದ್ಧಲಿಂಗೇಶ. ಬಲಕ್ಕೆ ರುಮಾಲು ಸುತ್ತಿದ ಸದಸ್ಯ ಶಂಭು. ಪಕ್ಕದ ಪರದೆಯ ಮರೆಯಲ್ಲಿ ಹಾಳೆ ಹಿಡಿದು ನಿಂತ ರಜನಿ.

ನಾಟಕ ಚೆನ್ನಾಗಿಯೇ ಓಡಿತು. ಸದಸ್ಯ ಕೆರೆಯ ಹೂಳಿನ ಬಗ್ಗೆ ಕೇಳಿದ, ಕಾರ್ಯದರ್ಶಿ ಎದ್ದು "ವಿಷಯವು ಪರಿಶೀಲನೆಯಲ್ಲಿದೆ" ಎಂದ, ಸದಸ್ಯ ಕುಳಿತ. ಮುಂದಿನ ಅಧಿವೇಶನದಲ್ಲಿ ಸದಸ್ಯ ಮತ್ತೆ ಅದನ್ನೇ ಹೊಸ ಪ್ರಶ್ನೆಯಾಗಿ ಬರೆದುಕೊಟ್ಟ, "ಈ ಬಗ್ಗೆ ಸರ್ಕಾರಕ್ಕೆ ಮಾಹಿತಿ ಇಲ್ಲ" ಎಂದು ಬಂತು ಉತ್ತರ, ಸದಸ್ಯ ಕುಳಿತ. ಪ್ರತಿ ಸಲ ಸಿದ್ಧಲಿಂಗೇಶ ಎದ್ದಾಗ ಹೆಂಗಸರ ಸಾಲುಗಳಲ್ಲಿ ನಗು ಏಳತೊಡಗಿತು. ಮೂರನೆಯ ಸಲ ಅವನು ಬಾಯಿ ತೆರೆಯುವ ಮೊದಲೇ ಯಾರೋ "ಪರಿಶೀಲನೇಲಿದೆ!" ಎಂದು ಕೂಗಿದರು, ಸಭಾಂಗಣವೆಲ್ಲ ಗೊಳ್ಳೆಂದಿತು. ಅವನಿಗೆ ಅಮಲೇರಿತು. ಮುಖ್ಯ ಪಾತ್ರ ಶಂಭುವಿನದು, ಆದರೆ ಜನ ಕಾಯುತ್ತಿರುವುದು ತನ್ನ ಮಾತಿಗೆ!

ಅವಧಿಯ ಕೊನೆಯ ದಿನ. ಕೊನೆಯ ಪ್ರಶ್ನೆ. ಶಂಭು ಎದ್ದ. ಈ ಸಲ ಅವನ ದನಿ ತಗ್ಗಿತ್ತು.

"ಕಾಡಿನ ಹೊಸ ಕಟ್ಟಳೆಯಂತೆ, ಒಣ ಸೌದೆ ಆರಿಸಿದ ಹೆಣ್ಣುಮಕ್ಕಳಿಗೆ ದಂಡ ವಿಧಿಸಿರುವುದು ನಿಜವೇ? ನಿಜವಾದರೆ, ಘನ ಸರ್ಕಾರವು ಅದನ್ನು ಮನ್ನಾ ಮಾಡುವುದೇ?"

ಸಿದ್ಧಲಿಂಗೇಶ ಎದ್ದ, ಕೋಟು ಜಗ್ಗಿಕೊಂಡ. "ದಂಡವನ್ನು ಕಾನೂನಿನ ಪ್ರಕಾರವೇ ವಿಧಿಸಲಾಗಿದೆ. ಮನ್ನಾ ಮಾಡುವ ವಿಷಯವು..." ನಿಲ್ಲಿಸಿದ. ಸಭಾಂಗಣ ಒಂದೇ ದನಿಯಲ್ಲಿ, "ಪರಿಶೀಲನೆಯಲ್ಲಿದೆ!" ಎಂದಿತು. ಅವನು ತಲೆಬಾಗಿ ಕುಳಿತ.

ಶಂಭು ಕುಳಿತುಕೊಳ್ಳಲಿಲ್ಲ.

ನಿಂತೇ ಇದ್ದ. ನಗು ಸಣ್ಣಗಾಯಿತು, ನಿಂತಿತು. ಶಂಭು ರುಮಾಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಪರಿಶೀಲನೆ ಮುಗಿಯುವವರೆಗೆ," ಎಂದ, "ಆ ಹೆಣ್ಣುಮಕ್ಕಳು ಒಲೆಗೆ ಏನು ಹಾಕಬೇಕು, ಸ್ವಾಮಿ?"

ಸಿದ್ಧಲಿಂಗೇಶ ಥಟ್ಟನೆ ತಲೆಯೆತ್ತಿದ. ಎರಡನೇ ಪ್ರಶ್ನೆ! ನಿಯಮದಲ್ಲಿ ಇಲ್ಲದ್ದು, ಪಾಠದಲ್ಲಿ ಇಲ್ಲದ್ದು! ಚಪ್ಪಾಳೆ ತನ್ನ ಕಡೆ ಹರಿಯುತ್ತಿದೆ ಎಂದು ಕಂಡ ಕೂಡಲೇ ಈ ಮಿಠಾಯಿಯವನು ತನ್ನ ಸ್ವಂತ ಮಾತು ಸೇರಿಸುತ್ತಿದ್ದಾನೆ. ಮೂರು ತಿಂಗಳಿಂದ ಕಾದಿದ್ದ ತಪ್ಪು, ಕೊನೆಗೂ, ಮುನ್ನೂರು ಜನರ ಮುಂದೆ ಸಿಕ್ಕಿಬಿದ್ದಿತ್ತು. ಸಿದ್ಧಲಿಂಗೇಶ ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ಮೇಜು ಗುದ್ದಿದ.

"ಎರಡನೇ ಪ್ರಶ್ನೆಗೆ ಅವಕಾಶವಿಲ್ಲ! ಸದಸ್ಯರು ಕೂಡ್ರತಕ್ಕದ್ದು!"

ಶಂಭು ಬೆಚ್ಚಿ ಏನೋ ಹೇಳಹೋದ.

"ಕೂಡ್ರಿ!"

ಸಭಾಂಗಣ ಸಿಡಿಯಿತು. ನಗು, ಸಿಳ್ಳೆ, ಚಪ್ಪಾಳೆ. ಪರದೆ ಎಳೆಯುವವನು ಇದೇ ಕೊನೆಯೆಂದು ಎಳೆದುಬಿಟ್ಟ. ಸಿದ್ಧಲಿಂಗೇಶ ಗೆದ್ದ ಪೈಲ್ವಾನನಂತೆ ಉಸಿರು ಬಿಡುತ್ತ ಪಕ್ಕದ ಪರದೆಯ ಕಡೆ ತಿರುಗಿದ. ನೋಡು, ನಿನ್ನ ನಾಟಕವನ್ನು, ನಿನ್ನ ನಿಯಮವನ್ನು ಕಾಪಾಡಿದವನು ಯಾರೆಂದು ನೋಡು. ರಜನಿ ಕೈಯಲ್ಲಿದ್ದ ಹಾಳೆಗಳನ್ನು ಮಡಚುತ್ತಿದ್ದಳು. ಮೊದಲು ಅರ್ಧಕ್ಕೆ, ಆಮೇಲೆ ಇನ್ನೂ ಅರ್ಧಕ್ಕೆ. ಅವನತ್ತ ನೋಡಲಿಲ್ಲ.

ಜನ ಬಂದು ಕೈ ಕುಲುಕಿದರು. "ಏನ್ ಪಂಚ್ ಸರ್ ಕೊನೇದು!" ಎಂದರು. ಶಂಭು ಗುಂಪು ಕರಗುವವರೆಗೆ ಕಾದಿದ್ದು ಹತ್ತಿರ ಬಂದ. ರುಮಾಲು ಇನ್ನೂ ಕೈಯಲ್ಲೇ ಇತ್ತು.

"ರಜನಿಯವರು ಕಾರಿನ ಹತ್ರ ಹೋದ್ರು. ನೀವು ಕಡೆಯ ಸೀನು ಓದ್ಲಿಲ್ವಾ ಮಾರಾಯ್ರೆ?"

"ಯಾಕ?"

"ಅದು ಅವರೇ ಬರೆದದ್ದು. ಆ ಎರಡನೇ ಪ್ರಶ್ನೆ. ಇಡೀ ಅವಧಿಯಲ್ಲಿ ಒಂದೇ ಒಂದು ಸಲ ಅವ ನಿಯಮ ಮುರಿದು ಕೇಳ್ತಾನೆ. ನೀವು ಕಾಗದ ತಿರುವಿ ನೋಡಿ, ಉತ್ತರ ಇಲ್ಲದೆ ಸುಮ್ಮನೆ ಕೂತಿರಬೇಕಿತ್ತು. ಮೆಲ್ಲ ಲೈಟ್ ಹೋಗ್ತದೆ, ಅಷ್ಟೆ." ಶಂಭುವಿನ ದನಿಯಲ್ಲಿ ಸಿಟ್ಟಿರಲಿಲ್ಲ. "ಇರ್ಲಿ ಬಿಡಿ. ಜನಕ್ಕೆ ಖುಷಿ ಆಯ್ತಲ್ಲ."

ಸಿಟ್ಟು ಮಾಡಿದ್ದರೆ ಸಿದ್ಧಲಿಂಗೇಶ ತಡೆದುಕೊಳ್ಳುತ್ತಿದ್ದ.

ಕಾರು ಐ-ಫೈವ್ ಹೆದ್ದಾರಿ ಹಿಡಿಯಿತು. ಅವನು ಡ್ರೈವ್ ಮಾಡುತ್ತಿದ್ದ, ರಜನಿ ಪಕ್ಕದಲ್ಲಿ. ಇರ್ವೈನ್ ದಾಟಿತು. ಸ್ಯಾನ್ ಕ್ಲೆಮೆಂಟೆಯಲ್ಲಿ ಬಲಗಡೆ ಸಮುದ್ರ ಕಂಡಿತು, ಹೊತ್ತು ಮುಳುಗುತ್ತಿತ್ತು. ಅವಳು ಅಳುತ್ತಿಲ್ಲ, ಮುಖ ಊದಿಸಿಕೊಂಡಿಲ್ಲ, ಸುಮ್ಮನೆ ಹೊರಗೆ ನೋಡುತ್ತಿದ್ದಳು. ತಪ್ಪಾಯಿತು ಎನ್ನಬೇಕು ಎಂದುಕೊಂಡೇ ಅವನು ಬಾಯಿ ತೆರೆದ. ಹೊರಬಿದ್ದದ್ದು ಬೇರೆ.

"ಆ ಶಂಭುನ ಕೂಡ ಅಷ್ಟು ಏನ ಮಾತಾಡ್ತಿ ನೀನು? ನನ್ನ ಕೂಡ ಆಡಲಾರದ್ದು?"

ರಜನಿ ಅವನ ಕಡೆ ತಿರುಗಿದಳು. ಕೇಳಿದ್ದಕ್ಕೆ ಬೇಸರಪಟ್ಟಂತೆ ಕಾಣಲಿಲ್ಲ. ಇವನು ಕೇಳಿದನಲ್ಲ ಎಂಬ ಆಶ್ಚರ್ಯವೇ ಹೆಚ್ಚಿತ್ತು.

"ನಿಮ್ಮ ಕೂಡ ಆಡಲಾರದ್ದು ಯಾವುದೂ ಇಲ್ಲ," ಎಂದಳು. "ಎಲ್ಲಾ ಮೊದಲ ನಿಮಗ ಹೇಳೇನಿ. ಆಮ್ಯಾಲೆ ಅವರಿಗೆ."

"ಮತ್ತ ಅಷ್ಟು ನಗಿ? ಅಷ್ಟು ಕೈ ತಿರುವೋದು? ನಾ ಒಂದಿನ ಬಂದು ನೋಡೇನಿ, ಅಂಗಡಿ ಹಿಂದ."

"ಗೊತ್ತದ. ಸುಪ್ರೀತಾ ಹೇಳಿದ್ಳು. ನೀವಾಗಿ ಹೇಳ್ತೀರೇನೋ ಅಂತ ಕಾದೆ."

ಮುಂದಿನ ಕಾರಿನ ಬ್ರೇಕ್ ಲೈಟ್ ಹತ್ತಿತು, ಇವನೂ ಬ್ರೇಕ್ ಒತ್ತಿದ. ಹೆದ್ದಾರಿ ಆಮೆಯ ನಡಿಗೆಗೆ ಇಳಿಯಿತು.

"ಹಂಗಾದ್ರ ಅವನ ಕೂಡನ ಯಾಕ?" ಎಂದ.

"ಅವರು ಎರಡನೇ ಪ್ರಶ್ನಿ ಕೇಳ್ತಾರ," ಎಂದಳು ರಜನಿ.

ಸಿದ್ಧಲಿಂಗೇಶ ಸ್ಟಿಯರಿಂಗ್ ಹಿಡಿದು ಕೂತ. ಹೆಂಗಸರ ಸಾಲಿನ ನಗು ಈಗ ಅವನಿಗೆ ಬೇರೆಯಾಗಿ ಕೇಳತೊಡಗಿತು. ಪರಿಶೀಲನೆಯಲ್ಲಿದೆ. ಮಾಹಿತಿ ಇಲ್ಲ. ಸಕಾಲದಲ್ಲಿ. ಒಂದೇ ಓದಿಗೆ ಬಾಯಿಪಾಠವಾದದ್ದರಲ್ಲಿ ಅಚ್ಚರಿ ಏನಿತ್ತು? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಾದವನು, ಹೆಗಲ ಮೇಲೆ ಕಾಯಿ ಹೊತ್ತು ಇಡೀ ಸಭಾಂಗಣದ ಮುಂದೆ ಕುಣಿದು ಬಂದಿದ್ದ. ಮಗಳಿಗೂ ಗೊತ್ತಿತ್ತು. ಅಮ್ಮನನ್ನು ಕೇಳು ಎಂದಿದ್ದಳು. ಕೆರೆ, ಹೂಳು, ಸೌದೆ ಎಲ್ಲ ಸದಸ್ಯನವು; ಅಧಿವೇಶನದಿಂದ ಅಧಿವೇಶನಕ್ಕೆ ಅದೇ ಪ್ರಶ್ನೆಯನ್ನು ಮತ್ತೆ ಬರೆದುಕೊಟ್ಟು, ಅದೇ ಉತ್ತರ ಕೇಳಿ, ತುಟಿ ಪಿಟಕ್ಕೆನ್ನದೆ ಕೂತವಳು ಯಾರೆಂದು ಅವನಿಗೆ ಈಗ ತಿಳಿಯಿತು. ಆ ಪ್ರಶ್ನೆಗಳನ್ನು ಕೇಳಿಸಲು ಅವಳು ಬೇರೊಬ್ಬನ ಬಾಯಿ ಹುಡುಕಬೇಕಾಯಿತು. ಅವಳು ಧೈರ್ಯ ಮಾಡಿ ಬರೆದ ಆ ಒಂದು ಎರಡನೇ ಪ್ರಶ್ನೆಯನ್ನು ಮೇಜು ಗುದ್ದಿ ಕೂರಿಸಿದವನು ತಾನೇ.

ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಅವನ ಬುದ್ಧಿ ಹಾಗೆ ಹೊತ್ತಿಕೊಂಡಿತು. ಗ್ಯಾರೇಜು, ಸ್ಪ್ರಿಂಕ್ಲರು, ಸ್ಕ್ರೂಡ್ರೈವರು. ಅವಳು ಏನೋ ಕೇಳಿದ್ದಳು. ಬೇಸಿಗೆಯಲ್ಲಿ.

"ಆ ಕಾಲೇಜಿಂದು," ಎಂದ. "ಪಾಠ ಹೇಳಾಕ ಕರದಾರ ಅಂದಿದ್ದೆಲ್ಲ. ಅದು ಮುಂದ ಏನಾತು?"

"ಹ್ಞೂಂ ಅಂದೆ."

"ಯಾವಾಗ?"

"ಜುಲೈದಾಗ. ಅವರಿಗೆ ಉತ್ತರ ಬೇಕಾಗಿತ್ತು. ಬರೋ ಫೆಬ್ರುವರಿಯಿಂದ ಕ್ಲಾಸು. ಮಂಗಳವಾರ, ಗುರುವಾರ."

"ಶಂಭುಗ ಗೊತ್ತದೇನು?"

ಇಷ್ಟಾದ ಮೇಲೂ ಇದನ್ನೇ ಕೇಳಿದ. ಕೇಳದೆ ಇರಲು ಅವನಿಗೆ ಆಗಲಿಲ್ಲ.

"ಗೊತ್ತದ. 'ಮುಂದೆ ಎಂತಾಯ್ತು' ಅಂತ ಅವರು ಕೇಳಿದ್ರು, ಹೇಳಿದೆ."

ಬಲಗಡೆ ಸೂರ್ಯ ಪೂರ್ತಿ ಇಳಿದಿದ್ದ. ಪೆಂಡಲ್ಟನ್‌ನ ಬೋಳು ಗುಡ್ಡಗಳು ಎಡಗಡೆ ಕಪ್ಪಾಗತೊಡಗಿದ್ದವು. ಸಿದ್ಧಲಿಂಗೇಶನಿಗೆ ಇನ್ನೊಂದು ಪ್ರಶ್ನೆಯಿತ್ತು. ಅದರ ಉತ್ತರ ಅವನಿಗೆ ಆಗಲೇ ಹೊಳೆದಿತ್ತು. ಆದರೂ ಅವಳ ಬಾಯಿಂದ ಬೇರೆ ಏನಾದರೂ ಬಂದೀತು ಎಂಬ ಆಸೆ.

"ಮಂಗಳವಾರದಿಂದ ಗುರುವಾರದ ತನಕ... ಎಲ್ಲಿ ಇರ್ತಿ?"

"ಶಂಭು, ಸುಪ್ರೀತಾ ಅವರ ಮನೀ ಮ್ಯಾಲ ಒಂದು ರೂಮ್ ಖಾಲಿ ಅದ. ಅಲ್ಲೇ ಇರಂತ ಅಂದಾರ."

ಬುದ್ಧಿ ಬಂದ ಮಾತ್ರಕ್ಕೆ ಹೊಟ್ಟೆಕಿಚ್ಚು ಹೋಗುತ್ತದೆಯೇ? ಆ ಮನೆಯ ಮೆಟ್ಟಿಲು ಅವನಿಗೆ ಕಂಡಿತು, ಬೆಳಗಿನ ಚಹಾ ಕಂಡಿತು, ಮೇಜಿನ ಸುತ್ತ ಮೂವರು ಕೂತು ನಗುವುದು ಕಂಡಿತು. ಕ್ಲಾಸಿನಲ್ಲಿ ಇವತ್ತು ಎಂತಾಯ್ತು ಎಂದು ಯಾರೋ ಕೇಳುತ್ತಾರೆ, ಅವಳು ಕೈಯೆತ್ತಿ ಬೆರಳು ಬಿಡಿಸಿ ಹೇಳತೊಡಗುತ್ತಾಳೆ. ಬೇಡ ಎನ್ನಬೇಕೆನಿಸಿತು. ಬೇಡ ಎನ್ನಲು ತನಗೆ ಬಾಯಿ ಉಳಿದಿಲ್ಲ ಎಂದೂ ಗೊತ್ತಿತ್ತು. ಇಷ್ಟು ವರ್ಷಗಳ ಅಭ್ಯಾಸದಿಂದ ಆ ಒಂದು ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಹಲ್ಲು ಕಚ್ಚಿ ತಡೆದ. ಸಮುದ್ರದ ಪಕ್ಕ ಕಾರುಗಳ ಸಾಲು ಸ್ವಲ್ಪ ಸಡಿಲವಾಯಿತು.

"ನಾ ಬಿಟ್ಟು ಬರ್ತೀನಿ," ಎಂದ. "ಪ್ರತಿ ವಾರ. ಸೋಮವಾರ ಸಂಜೀಕ ಆಫೀಸಿನಿಂದ ಲಗೂನ ಬರ್ತೀನಿ, ನಾನ ಕರಕೊಂಡು ಹೋಗ್ತೀನಿ. ದಾರಿ ತುಂಬ ಹೇಳಕೋತ ಬಾ. ಆ ಸಭಾದ್ದು, ನೀ ಬರದದ್ದು, ಎಲ್ಲಾ. ನಾ ಕೇ‍ಳ್ತೀನಿ. ಬಿಟ್ಟು ಬರ್ಲಿ?"

ರಜನಿ ಮಡಚಿದ ಹಾಳೆಗಳನ್ನು ಪರ್ಸಿನಲ್ಲಿ ಹಾಕಿ ಜಿಪ್ ಎಳೆದಳು. ಕಿಟಕಿಯ ಆಚೆ ಇನ್ನೇನೂ ಕಾಣುತ್ತಿರಲಿಲ್ಲ, ಆದರೂ ಅತ್ತಲೇ ನೋಡುತ್ತಿದ್ದಳು.

"ನೋಡೂಣು," ಎಂದಳು.